ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ: ರಾಜ್ಯ ಸರ್ಕಾರಿ ನೌಕರರು ಕೋರಿಕೆ ಸಲ್ಲಿಸುವ ಮುನ್ನ ತಿಳಿದಿರಬೇಕಾದ ನಿಯಮಗಳು

ಸರ್ಕಾರಿ ಕಚೇರಿಗಳಲ್ಲಿ ವರ್ಗಾವಣೆ ಎಂದು ಒಂದೇ ಹೆಸರಿನಿಂದ ಕರೆಯುವುದು ಸೇವಾ ನಿಯಮಗಳ ಪ್ರಕಾರ ಮೂರು ಬೇರೆ ಬೇರೆ ಕ್ರಮಗಳು. ಮೊದಲನೆಯದು, ನೌಕರನು ತನ್ನದೇ ವೃಂದದೊಳಗೆ (ಒಂದೇ ನಿಯಮಗಳಡಿ ನೇಮಕವಾಗುವ ಹುದ್ದೆಗಳ ಗುಂಪಿನೊಳಗೆ), ತನ್ನದೇ ಜ್ಯೇಷ್ಠತಾ ಘಟಕದೊಳಗೆ (ಒಂದೇ ಹಿರಿತನದ ಪಟ್ಟಿಗೆ ಸೇರಿದ ವ್ಯಾಪ್ತಿಯೊಳಗೆ) ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಹೋಗುವುದು. ಎರಡನೆಯದು, ತನ್ನ ಮಾತೃ ಇಲಾಖೆಯ ಹುದ್ದೆಯ ಮೇಲಿನ ಹಕ್ಕನ್ನು ಉಳಿಸಿಕೊಂಡೇ ನಿಗದಿತ ಅವಧಿಗೆ ಬೇರೆ ಇಲಾಖೆಗೋ ನಿಗಮಕ್ಕೋ ನಿಯೋಜನೆಯ ಮೇಲೆ ಹೋಗುವುದು. ಮೂರನೆಯದು, ಮಾತೃ ಇಲಾಖೆಯ ವೃಂದವನ್ನು ಶಾಶ್ವತವಾಗಿ ಬಿಟ್ಟು ಬೇರೆ ಇಲಾಖೆಯ ವೃಂದಕ್ಕೆ ಸೇರುವುದು. ಈ ಮೂರನೆಯದನ್ನು ಕಚೇರಿ ಮಾತಿನಲ್ಲಿ ವೃಂದ ಬದಲಾವಣೆ ಎನ್ನುತ್ತೇವೆ. ನಿಯಮಗಳ ದೃಷ್ಟಿಯಲ್ಲಿ ಅದು ವರ್ಗಾವಣೆಯ ಮೂಲಕ ಮಾಡುವ ನೇಮಕಾತಿ. ಮೊದಲ ಎರಡರಿಂದ ಹಿಂದಿರುಗುವ ದಾರಿ ಇರುತ್ತದೆ, ಮೂರನೆಯದರಿಂದ ಬಹುಮಟ್ಟಿಗೆ ಇರುವುದಿಲ್ಲ. ಊರಿನಲ್ಲಿರುವ ನೌಕರರು ಬೆಂಗಳೂರಿಗೆ ಬರಲೇಬೇಕೆಂಬ ತುರ್ತಿನಲ್ಲಿ ಈ ವ್ಯತ್ಯಾಸವನ್ನು ಗಮನಿಸದೆ ಸಹಿ ಹಾಕುವುದನ್ನು ಸಿಬ್ಬಂದಿ ಶಾಖೆಗಳಲ್ಲಿ ಕೆಲಸ ಮಾಡಿದವರೆಲ್ಲರೂ ಕಂಡಿರುತ್ತಾರೆ. ಆ ಸಹಿಯ ಬೆಲೆ ಗೊತ್ತಾಗುವುದು ಬಡ್ತಿಯ ಪಟ್ಟಿ ಹೊರಬಿದ್ದಾಗ. ಆದ್ದರಿಂದ ಈ ಲೇಖನದಲ್ಲಿ ಜ್ಯೇಷ್ಠತೆಯ ವಿಚಾರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಿಮ್ಮದು ನಿಜವಾಗಿಯೂ ಬೇರೆ ಇಲಾಖೆಯೇ?

ಮೊದಲು ಪರಿಶೀಲಿಸಬೇಕಾದದ್ದು ಇದನ್ನು. ಇಲಾಖೆಯ ಹೆಸರು ಬದಲಾದ ಮಾತ್ರಕ್ಕೆ ವೃಂದ ಬದಲಾಗುವುದಿಲ್ಲ. ವಿಧಾನಸೌಧ, ವಿಕಾಸಸೌಧ ಮತ್ತು ಬಹುಮಹಡಿ ಕಟ್ಟಡದಲ್ಲಿರುವ ಸಚಿವಾಲಯದ ಸಹಾಯಕರು, ಶಾಖಾಧಿಕಾರಿಗಳು ಯಾವ ಇಲಾಖೆಯಲ್ಲಿ ಕುಳಿತಿದ್ದರೂ ಅವರ ವೃಂದವನ್ನು ನಿರ್ವಹಿಸುವುದು ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ. ಸಚಿವಾಲಯದ ಶಿಕ್ಷಣ ಇಲಾಖೆಯ ಶಾಖೆಯಿಂದ ಕಂದಾಯ ಇಲಾಖೆಯ ಶಾಖೆಗೆ ಹೋದ ಸಹಾಯಕನು ವೃಂದ ಬದಲಿಸಿದಂತಾಗುವುದಿಲ್ಲ. ರಾಜ್ಯ ಲೆಕ್ಕಪತ್ರ ಇಲಾಖೆಯ ಅಧಿಕಾರಿಗಳೂ ಕೆಎಎಸ್ ಅಧಿಕಾರಿಗಳೂ ಹಾಗೆಯೇ ಹಲವು ಇಲಾಖೆಗಳ ಹುದ್ದೆಗಳಲ್ಲಿ ಕೆಲಸ ಮಾಡುತ್ತಲೇ ತಮ್ಮ ಮೂಲ ವೃಂದದಲ್ಲಿ ಉಳಿಯುತ್ತಾರೆ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಇಲಾಖೆ ಒಂದೇ ಆಗಿದ್ದರೂ ಗ್ರೂಪ್ ಸಿ ಮತ್ತು ಗ್ರೂಪ್ ಡಿ ಹುದ್ದೆಗಳಿಗೆ ಜಿಲ್ಲೆಯೋ ವಿಭಾಗವೋ ಜ್ಯೇಷ್ಠತಾ ಘಟಕವಾಗಿರುವ ಇಲಾಖೆಗಳು ಹಲವಾರು. ಅಂಥಲ್ಲಿ ಹಾವೇರಿ ಜಿಲ್ಲೆಯ ದ್ವಿತೀಯ ದರ್ಜೆ ಸಹಾಯಕರು ಅದೇ ಇಲಾಖೆಯ ಬೆಂಗಳೂರು ನಗರ ಜಿಲ್ಲೆಗೆ ಬಂದರೂ ಘಟಕ ದಾಟಿದಂತೆಯೇ ಆಗುತ್ತದೆ, ಅದಕ್ಕೆ ಅನ್ವಯಿಸುವ ಷರತ್ತುಗಳೂ ಬೇರೆ. ಹಾಗಾಗಿ ನಿಮ್ಮ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳನ್ನು ತೆಗೆದು, ನಿಮ್ಮ ಹುದ್ದೆಯ ನೇಮಕಾತಿ ಪ್ರಾಧಿಕಾರ ಯಾರು, ಜ್ಯೇಷ್ಠತಾ ಪಟ್ಟಿ ಯಾವ ಮಟ್ಟದಲ್ಲಿ ಪ್ರಕಟವಾಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳದೆ ಮುಂದಿನ ಹೆಜ್ಜೆ ಇಡಬೇಡಿ.

ಪ್ರತಿ ವರ್ಷ ಬೇಸಿಗೆಯ ಹೊತ್ತಿಗೆ ಬರುವ ಸಾರ್ವತ್ರಿಕ ವರ್ಗಾವಣೆಯ ಆದೇಶಗಳು ಮೊದಲ ಬಗೆಯ ವರ್ಗಾವಣೆಗೆ ಸಂಬಂಧಿಸಿದವು. ಅವುಗಳಿಗೆ ಬಹುಕಾಲ ಆಧಾರವಾಗಿದ್ದದ್ದು 2013ರ ಜೂನ್ 7ರ ಸರ್ಕಾರಿ ಆದೇಶ. ಒಂದು ಸ್ಥಳದಲ್ಲಿ ಗ್ರೂಪ್‌ವಾರು ಕನಿಷ್ಠ ಸೇವಾವಧಿ, ಒಟ್ಟು ವೃಂದಬಲದಲ್ಲಿ ಇಂತಿಷ್ಟೇ ಪ್ರಮಾಣವೆಂಬ ಮಿತಿ, ಸಾರ್ವತ್ರಿಕ ವರ್ಗಾವಣೆಯ ಅವಧಿ ಮುಗಿದ ಮೇಲೆ ಮುಖ್ಯಮಂತ್ರಿಗಳ ಪೂರ್ವಾನುಮೋದನೆ, ಇವೆಲ್ಲ ಆ ಬಗೆಯ ಮಾರ್ಗಸೂಚಿಗಳ ಅಂಗಗಳು. ಆಯಾ ವರ್ಷದ ಆದೇಶದಲ್ಲಿ ಪ್ರಮಾಣವೂ ದಿನಾಂಕಗಳೂ ಬದಲಾಗುವುದರಿಂದ ಹಳೆಯ ಸುತ್ತೋಲೆಯ ಪ್ರತಿಯನ್ನು ನಂಬಿ ಅರ್ಜಿ ಹಾಕುವಂತಿಲ್ಲ. ಈ ಮಾರ್ಗಸೂಚಿಗಳನ್ನು ಉಲ್ಲೇಖಿಸಿ ಬೇರೆ ಇಲಾಖೆಯ ವೃಂದಕ್ಕೆ ಕೋರಿಕೆ ಸಲ್ಲಿಸಿದರೆ ಕಡತ ಮುಂದೆ ಹೋಗುವುದಿಲ್ಲ. ಶಿಕ್ಷಕರಿಗೆ 2020ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಅಧಿನಿಯಮ ಇದೆ, ಆರೋಗ್ಯ ಇಲಾಖೆಯ ವೈದ್ಯಾಧಿಕಾರಿಗಳು ಮತ್ತು ಇತರ ಸಿಬ್ಬಂದಿಗೆ 2011ರ ಅಧಿನಿಯಮ ಇದೆ. ಅವರ ಇಲಾಖೆಯೊಳಗಿನ ವರ್ಗಾವಣೆಗಳು ಆ ಕಾನೂನುಗಳ ಪ್ರಕಾರವೇ ನಡೆಯಬೇಕು.

ವೃಂದ ಬದಲಾವಣೆಯ ಕಾನೂನು ಆಧಾರ

ರಾಜ್ಯ ನೌಕರರ ನೇಮಕಾತಿ ಮತ್ತು ಸೇವಾ ಷರತ್ತುಗಳಿಗೆ ಮೂಲ ಕಾನೂನು 1978ರ ಕರ್ನಾಟಕ ರಾಜ್ಯ ನಾಗರಿಕ ಸೇವೆಗಳ ಅಧಿನಿಯಮ. ಎಲ್ಲ ಇಲಾಖೆಗಳಿಗೂ ಅನ್ವಯಿಸುವ ನೇಮಕಾತಿ ವಿಧಿಗಳು 1977ರ ಕರ್ನಾಟಕ ನಾಗರಿಕ ಸೇವಾ (ಸಾಮಾನ್ಯ ನೇಮಕಾತಿ) ನಿಯಮಗಳಲ್ಲಿವೆ. ಒಂದು ಹುದ್ದೆಗೆ ನೇರ ನೇಮಕಾತಿ ಅಥವಾ ಬಡ್ತಿಯ ಮೂಲಕ ಮಾತ್ರ ನೇಮಿಸಬೇಕೆಂದು ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳು ಹೇಳಿದ್ದರೂ, ಲಿಖಿತವಾಗಿ ದಾಖಲಿಸಿದ ಕಾರಣಗಳಿಗಾಗಿ, ರಾಜ್ಯದ ಬೇರೊಂದು ಸೇವೆಯಲ್ಲಿ ಸಮಾನ ದರ್ಜೆಯ ಹುದ್ದೆ ಹೊಂದಿರುವವರನ್ನು ವರ್ಗಾವಣೆಯ ಮೂಲಕ ಅಥವಾ ನಿಯೋಜನೆಯ ಮೂಲಕ ಆ ಹುದ್ದೆಗೆ ನೇಮಿಸುವ ಅಧಿಕಾರವನ್ನು ಈ ನಿಯಮಗಳ 16ನೇ ನಿಯಮ ಸರ್ಕಾರಕ್ಕೆ ಕೊಟ್ಟಿದೆ.

ಈ ವಾಕ್ಯದ ಮೂರು ಅಂಶಗಳನ್ನು ಬಿಡಿಬಿಡಿಯಾಗಿ ನೋಡಬೇಕು. ಅಧಿಕಾರ ಇರುವುದು ಸರ್ಕಾರಕ್ಕೆ. ಆದ್ದರಿಂದ ಎರಡು ಇಲಾಖೆಗಳ ಮುಖ್ಯಸ್ಥರು ತಮ್ಮತಮ್ಮಲ್ಲೇ ಪತ್ರ ಬರೆದುಕೊಂಡು ಒಬ್ಬ ನೌಕರನ ವೃಂದವನ್ನು ಬದಲಿಸಲಾರರು. ಹುದ್ದೆ ಸಮಾನ ದರ್ಜೆಯದಾಗಿರಬೇಕು. ಇಲ್ಲಿ ಹುದ್ದೆಯ ಹೆಸರಿಗಿಂತ ಗ್ರೂಪ್, ವೇತನ ಶ್ರೇಣಿ, ನಿಗದಿತ ವಿದ್ಯಾರ್ಹತೆ ಮತ್ತು ಕರ್ತವ್ಯಗಳ ಸ್ವರೂಪವನ್ನು ಹೋಲಿಸಿ ನೋಡುತ್ತಾರೆ. ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಕಾರಣವೇ ಇಲ್ಲದ ಆದೇಶವನ್ನು ಆ ಇಲಾಖೆಯ ನೌಕರರು ಪ್ರಶ್ನಿಸಿದರೆ ಅದು ಉಳಿಯುವುದು ಕಷ್ಟ. ಹೊರಗಿನಿಂದ ಒಬ್ಬರು ಬಂದು ಖಾಲಿ ಹುದ್ದೆ ತುಂಬಿದರೆ ಒಳಗಿನವರ ಬಡ್ತಿಯ ಅವಕಾಶ ಕಡಿಮೆಯಾಗುತ್ತದೆ, ಹಾಗಾಗಿ ಆಕ್ಷೇಪಣೆ ಬರುವುದು ಸಹಜವೂ ಹೌದು, ನ್ಯಾಯವೂ ಹೌದು. ಇದೇ ಕಾರಣಕ್ಕೆ, ನೀವು ಕೇಳುತ್ತಿರುವ ಖಾಲಿ ಹುದ್ದೆ ನೇರ ನೇಮಕಾತಿಯ ಪಾಲಿನದೋ ಬಡ್ತಿಯ ಪಾಲಿನದೋ, ಅದನ್ನು ಈಗಾಗಲೇ ಕರ್ನಾಟಕ ಲೋಕಸೇವಾ ಆಯೋಗಕ್ಕೆ ಪ್ರಸ್ತಾವನೆಯಾಗಿ ಕಳುಹಿಸಲಾಗಿದೆಯೋ ಎಂಬುದನ್ನು ಸೇರಬಯಸುವ ಇಲಾಖೆಯಲ್ಲಿ ಮೊದಲೇ ವಿಚಾರಿಸಬೇಕು.

ನೌಕರನಿಗೆ ಇದು ಹಕ್ಕಲ್ಲ ಎಂಬುದನ್ನೂ ಒಪ್ಪಿಕೊಂಡೇ ಹೊರಡಬೇಕು. ಕೇಂದ್ರ ಅಬಕಾರಿ ಇಲಾಖೆಯ ನೌಕರರಿಗೆ ಒಂದು ವೃಂದದಿಂದ ಇನ್ನೊಂದಕ್ಕೆ ಹೋಗುವ ಅವಕಾಶವನ್ನು ಹೊಸ ನೇಮಕಾತಿ ನಿಯಮಗಳು ತೆಗೆದುಹಾಕಿದ್ದನ್ನು ಪ್ರಶ್ನಿಸಿದ ಎಸ್.ಕೆ. ನೌಷಾದ್ ರಹಮಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಆ ನಿಯಮವನ್ನು ಎತ್ತಿಹಿಡಿಯಿತು. ಆದರೆ ನೀತಿ ರೂಪಿಸುವಾಗ ಪತಿ ಪತ್ನಿ ಒಂದೇ ಕಡೆ ಇರುವ ಅಗತ್ಯ, ಅಂಗವೈಕಲ್ಯ, ಕುಟುಂಬ ಜೀವನದ ರಕ್ಷಣೆ ಇವುಗಳನ್ನು ಸರ್ಕಾರ ಗಮನಿಸಬೇಕೆಂದೂ ಅದೇ ತೀರ್ಪು ಹೇಳಿದೆ. ಪತಿ ಪತ್ನಿ ಪ್ರಕರಣವೆಂದು ಕೋರಿಕೆ ಸಲ್ಲಿಸುವವರು ಈ ತೀರ್ಪಿನ ಎರಡೂ ಭಾಗಗಳನ್ನು ಓದುವುದು ಒಳ್ಳೆಯದು.

ಜ್ಯೇಷ್ಠತೆ: ಎಲ್ಲಕ್ಕಿಂತ ಮುಖ್ಯ ಪ್ರಶ್ನೆ

1957ರ ಕರ್ನಾಟಕ ಸರ್ಕಾರಿ ನೌಕರರ (ಜ್ಯೇಷ್ಠತೆ) ನಿಯಮಗಳಲ್ಲಿ 6ನೇ ನಿಯಮವು ಈ ವಿಷಯಕ್ಕೇ ಮೀಸಲಾಗಿದೆ. ಸಾರ್ವಜನಿಕ ಹಿತದೃಷ್ಟಿಯಿಂದ ಒಬ್ಬ ನೌಕರನನ್ನು ಅದೇ ವೇತನ ಶ್ರೇಣಿಯ ಬೇರೊಂದು ಸೇವೆಯ ದರ್ಜೆಗೆ ವರ್ಗಾಯಿಸಿದರೆ, ಅದನ್ನು ಹೊಸ ನೇಮಕಾತಿಯೆಂದು ಭಾವಿಸತಕ್ಕದ್ದಲ್ಲ, ಆತನು ಹಿಂದಿನ ದರ್ಜೆಗೆ ಮೊದಲು ನೇಮಕಗೊಂಡ ದಿನಾಂಕದಿಂದಲೇ ಜ್ಯೇಷ್ಠತೆಯನ್ನು ಲೆಕ್ಕ ಹಾಕಬೇಕು ಎಂಬುದು ಅದರ ಮೊದಲ ಭಾಗ. ವರ್ಗಾವಣೆಯು ನೌಕರನ ಸ್ವಂತ ಕೋರಿಕೆಯ ಮೇಲೆ ಆಗಿದ್ದರೆ, ವರ್ಗಾವಣೆಯ ದಿನದಂದು ಆ ದರ್ಜೆಯಲ್ಲಿರುವ ಎಲ್ಲರಿಗಿಂತ ಕೆಳಗೆ ಆತನನ್ನು ಇರಿಸಬೇಕು ಎಂಬುದು ಅದರ ಪರಂತುಕ, ಅಂದರೆ ಆ ನಿಯಮಕ್ಕಿರುವ ವಿನಾಯಿತಿಯ ಷರತ್ತು.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಜಿಲ್ಲೆಯೊಂದರ ಇಲಾಖಾ ಕಚೇರಿಯಲ್ಲಿ 9 ವರ್ಷ ಸೇವೆ ಸಲ್ಲಿಸಿ, ಪ್ರಥಮ ದರ್ಜೆ ಸಹಾಯಕರ ಜ್ಯೇಷ್ಠತಾ ಪಟ್ಟಿಯಲ್ಲಿ 12ನೇ ಸ್ಥಾನದಲ್ಲಿರುವ ನೌಕರರೊಬ್ಬರು ಬೆಂಗಳೂರಿನ ಬೇರೊಂದು ಇಲಾಖೆಗೆ ಸ್ವಂತ ಕೋರಿಕೆಯ ಮೇಲೆ ವೃಂದ ಬದಲಿಸಿಕೊಂಡರು ಎನ್ನಿ. ಆ ಇಲಾಖೆಯ ಪಟ್ಟಿಯಲ್ಲಿ ಆ ದಿನ 140 ಮಂದಿ ಇದ್ದರೆ ಇವರ ಸ್ಥಾನ 141. ಹಿಂದಿನ ತಿಂಗಳಷ್ಟೇ ಸೇವೆಗೆ ಸೇರಿದ, ಇನ್ನೂ ಪರೀಕ್ಷಾರ್ಥ ಅವಧಿಯಲ್ಲಿರುವ ಯುವಕನೂ ಇವರಿಗಿಂತ ಹಿರಿಯ. ಹಳೆಯ ಇಲಾಖೆಯಲ್ಲಿ ಕೆಲವೇ ವರ್ಷಗಳಲ್ಲಿ ಅಧೀಕ್ಷಕರಾಗಬಹುದಾಗಿದ್ದವರು ಹೊಸ ಇಲಾಖೆಯಲ್ಲಿ ನಿವೃತ್ತಿಯವರೆಗೂ ಅದೇ ಹುದ್ದೆಯಲ್ಲಿ ಉಳಿಯುವ ಸಾಧ್ಯತೆಯುಂಟು. ಏಳನೇ ರಾಜ್ಯ ವೇತನ ಆಯೋಗದ ನಂತರ ಬೆಂಗಳೂರಿನಲ್ಲಿ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇಕಡ 20ರಷ್ಟಿದೆ, ಸಣ್ಣ ಊರುಗಳಲ್ಲಿ ಅದು ಶೇಕಡ 7.5. ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ತಪ್ಪಿಹೋಗುವ ಬಡ್ತಿಗಳ ಲೆಕ್ಕ ಕಾಣುವುದಿಲ್ಲ. ಮಕ್ಕಳ ಓದು, ಹೆತ್ತವರ ಆರೋಗ್ಯ, ಸಂಗಾತಿಯ ಉದ್ಯೋಗ ಇವೆಲ್ಲ ಬಡ್ತಿಗಿಂತ ದೊಡ್ಡವೆಂದು ತೂಗಿ ನೋಡಿ ನಿರ್ಧರಿಸಿದವರ ನಿರ್ಧಾರವನ್ನು ನಾನು ಪೂರ್ಣವಾಗಿ ಗೌರವಿಸುತ್ತೇನೆ. ತೂಗಿ ನೋಡದೆಯೇ ಸಹಿ ಹಾಕಬಾರದು ಎಂಬುದಷ್ಟೇ ನನ್ನ ಒತ್ತಾಯ.

ಈ ನಿಯಮದ ಹಿಂದಿನ ತರ್ಕವನ್ನು ಕೆ.ಪಿ. ಸುಧಾಕರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ವಿವರಿಸಿದೆ. ತನ್ನ ಅನುಕೂಲಕ್ಕಾಗಿ ಬರುವವನು ಅಲ್ಲಿ ಈಗಾಗಲೇ ಇರುವವರ ಬಡ್ತಿಯ ಅವಕಾಶಕ್ಕೆ ಅಡ್ಡಿಯಾಗಬಾರದು. ಹೀಗಾಗಿ ಜ್ಯೇಷ್ಠತೆಯನ್ನು ಉಳಿಸಿಕೊಡುವಂತೆ ಆಮೇಲೆ ಮನವಿ ಸಲ್ಲಿಸಿ ಪ್ರಯೋಜನವಿಲ್ಲ.

ಆದರೆ ಜ್ಯೇಷ್ಠತೆ ಹೋದ ಮಾತ್ರಕ್ಕೆ ಹಿಂದಿನ ಸೇವೆಯೇ ಅಳಿಸಿಹೋಗುವುದಿಲ್ಲ. ಅನೇಕ ಕಚೇರಿಗಳಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ. ಪುಣೆಯ ಘಟಕದಿಂದ ಸ್ವಂತ ಕೋರಿಕೆಯ ಮೇಲೆ ಕೊಚ್ಚಿಗೆ ಬಂದಿದ್ದ ರಕ್ಷಣಾ ಇಲಾಖೆಯ ನೌಕರ ವಿ.ಎಂ. ಜೋಸೆಫ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ, ಜ್ಯೇಷ್ಠತೆ ಮತ್ತು ಬಡ್ತಿಯ ಅರ್ಹತೆ ಬೇರೆ ಬೇರೆ ಸಂಗತಿಗಳು, ಬಡ್ತಿಗೆ ಬೇಕಾದ ಕನಿಷ್ಠ ಸೇವಾವಧಿಯನ್ನು ಲೆಕ್ಕ ಹಾಕುವಾಗ ಹಿಂದಿನ ಘಟಕದ ಸೇವೆಯನ್ನೂ ಪರಿಗಣಿಸಬೇಕು ಎಂದು ತೀರ್ಮಾನಿಸಿತು. ಆನಂತರ ದ್ವಿಜೇನ್ ಚಂದ್ರ ಸರ್ಕಾರ್ ಪ್ರಕರಣದಲ್ಲಿ ಕಾಲಬದ್ಧ ಬಡ್ತಿಗೂ ಹಿಂದಿನ ಇಲಾಖೆಯ ಸೇವೆಯನ್ನು ಸೇರಿಸಬೇಕೆಂದಿತು, ಏಕೆಂದರೆ ಕಾಲಬದ್ಧ ಬಡ್ತಿಯಿಂದ ಇನ್ನೊಬ್ಬರ ಜ್ಯೇಷ್ಠತೆಗೆ ಧಕ್ಕೆಯಾಗುವುದಿಲ್ಲ. ಇವೆರಡೂ ಕೇಂದ್ರ ನೌಕರರ ಪ್ರಕರಣಗಳು, ನಮ್ಮಲ್ಲಿ 10 ವರ್ಷದ ಕಾಲಮಿತಿ ವೇತನ ಬಡ್ತಿಗೆ 1983ರ ನಿಯಮಗಳಿವೆ, 15 ವರ್ಷದ ಸ್ವಯಂಚಾಲಿತ ವಿಶೇಷ ಬಡ್ತಿಗೆ 1991ರ ನಿಯಮಗಳಿವೆ. ಆದ್ದರಿಂದ ವೃಂದ ಬದಲಾವಣೆಯ ಆದೇಶದಲ್ಲಿ ‘ಹಿಂದಿನ ಸೇವೆಯನ್ನು ಜ್ಯೇಷ್ಠತೆಗೆ ಹೊರತುಪಡಿಸಿ ಇತರ ಎಲ್ಲ ಸೇವಾ ಸೌಲಭ್ಯಗಳಿಗೆ ಪರಿಗಣಿಸತಕ್ಕದ್ದು’ ಎಂಬ ಅರ್ಥದ ಷರತ್ತು ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಹೊಸ ಕಚೇರಿಗೆ ವರದಿ ಮಾಡಿಕೊಳ್ಳುವ ಮುನ್ನವೇ ಸ್ಪಷ್ಟೀಕರಣ ಕೋರಿ.

ಆದೇಶದಲ್ಲಿ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಬರೆದಿದ್ದರೂ ಕಡತದಲ್ಲಿ ನಿಮ್ಮದೇ ಮನವಿಯಿದ್ದರೆ ಅದು ಕೋರಿಕೆಯ ವರ್ಗಾವಣೆಯೆಂದು ವಾದಿಸಲು ಎದುರಾಳಿಗೆ ಆಧಾರ ಸಿಗುತ್ತದೆ. ಇಲಾಖೆಯೇ ಹುದ್ದೆಗಳನ್ನು ರದ್ದುಪಡಿಸಿ ಅಥವಾ ಇಲಾಖೆಗಳನ್ನು ವಿಲೀನಗೊಳಿಸಿ ನಿಮ್ಮನ್ನು ಕಳುಹಿಸುತ್ತಿದ್ದರೆ, ಅನುಕೂಲವಾಗಲೆಂದು ಯಾರೋ ಕೊಟ್ಟ ಮಾದರಿ ಮನವಿಗೆ ಸಹಿ ಹಾಕಬೇಡಿ. ಅಂಥ ಸಂದರ್ಭದಲ್ಲಿ ನಿಮಗಿರುವ ರಕ್ಷಣೆಯನ್ನು ಆ ಒಂದು ಸಹಿ ಕಿತ್ತುಕೊಳ್ಳಬಹುದು.

ನಿಯೋಜನೆ ಎಂಬ ಮಧ್ಯದ ದಾರಿ

ಜ್ಯೇಷ್ಠತೆಯನ್ನು ಉಳಿಸಿಕೊಂಡು ಕೆಲವು ವರ್ಷ ಬೆಂಗಳೂರಿನಲ್ಲಿರಬೇಕಾದವರಿಗೆ ನಿಯೋಜನೆಯೇ ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ. ರಾಜಧಾನಿಯಲ್ಲಿ ಬಿಡಿಎ, ಜಲಮಂಡಳಿ, ಬಿಎಂಟಿಸಿ, ನಾನಾ ಅಭಿವೃದ್ಧಿ ನಿಗಮಗಳು, 2025ರಲ್ಲಿ ಬಿಬಿಎಂಪಿಯ ಜಾಗದಲ್ಲಿ ಬಂದ ಐದು ನಗರ ಪಾಲಿಕೆಗಳು ಇವೆ. ಇವು ಸರ್ಕಾರದ ಇಲಾಖೆಗಳಲ್ಲ, ಇವುಗಳಿಗೆ ತಮ್ಮದೇ ವೃಂದ ಮತ್ತು ನೇಮಕಾತಿ ನಿಯಮಗಳಿವೆ. ಅಲ್ಲಿಗೆ ಇಲಾಖಾ ನೌಕರರು ಹೋಗುವುದು ಸಾಮಾನ್ಯವಾಗಿ ನಿಯೋಜನೆಯ ಮೇಲೆಯೇ.

ನಿಯೋಜನೆಯಲ್ಲಿ ಮೂವರ ಒಪ್ಪಿಗೆ ಬೇಕು: ಕಳುಹಿಸುವ ಇಲಾಖೆ, ಪಡೆಯುವ ಸಂಸ್ಥೆ, ನೌಕರ. ಉಮಾಪತಿ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದ್ದು ಇದನ್ನೇ. ನಿಯೋಜನೆಯಲ್ಲಿರುವಾಗ ಮಾತೃ ಇಲಾಖೆಯ ಹುದ್ದೆಯ ಮೇಲೆ ನಿಮ್ಮ ಲೀನ್ (ಹುದ್ದೆಯ ಮೇಲಿನ ಹಕ್ಕು) ಉಳಿದಿರುತ್ತದೆ, ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಹೆಸರು ಅದೇ ಸ್ಥಾನದಲ್ಲಿರುತ್ತದೆ, ಸರದಿ ಬಂದಾಗ ಬಡ್ತಿಗೆ ನಿಮ್ಮನ್ನು ಪರಿಗಣಿಸಬೇಕಾಗುತ್ತದೆ. ದೂರದಲ್ಲಿದ್ದೀರೆಂದು ಪಟ್ಟಿಯನ್ನು ನೋಡದೆ ಇರಬೇಡಿ. ಕರಡು ಜ್ಯೇಷ್ಠತಾ ಪಟ್ಟಿ ಪ್ರಕಟವಾದಾಗ ಆಕ್ಷೇಪಣೆಗೆ ಕೊಡುವ ಗಡುವು ನಿಯೋಜನೆಯಲ್ಲಿರುವವರಿಗೂ ಅದೇ.

ನಿಯೋಜನೆಯ ಮಿತಿಗಳನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿದಿರಬೇಕು. ಅವಧಿ ಮುಗಿಯುವ ಮುನ್ನವೇ ನಿಮ್ಮನ್ನು ವಾಪಸು ಕಳುಹಿಸಬಹುದು, ಅಲ್ಲಿಯೇ ವಿಲೀನಗೊಳಿಸಬೇಕೆಂದು ಕೇಳುವ ಹಕ್ಕು ನಿಮಗಿಲ್ಲ. 2000ದ ಕುನಾಲ್ ನಂದಾ ಪ್ರಕರಣದ ತೀರ್ಪು ಈ ಬಗ್ಗೆ ಸಂದೇಹ ಉಳಿಸಿಲ್ಲ. ನಿಗಮ ಮಂಡಳಿಗಳಲ್ಲಿದ್ದಾಗ ರಜೆ ವೇತನ ಮತ್ತು ಪಿಂಚಣಿ ವಂತಿಗೆಯನ್ನು ಪಡೆಯುವ ಸಂಸ್ಥೆ ಸರ್ಕಾರಕ್ಕೆ ಕಟ್ಟಬೇಕು. ಅದು ಕಟ್ಟದೆ ಬಾಕಿ ಉಳಿಸಿದರೆ ತೊಂದರೆ ಕಾಣಿಸಿಕೊಳ್ಳುವುದು ನಿಮ್ಮ ನಿವೃತ್ತಿಯ ಹೊತ್ತಿಗೆ. ಪ್ರತಿ ವರ್ಷ ಚಲನ್ ಪ್ರತಿಯನ್ನು ಕೇಳಿ ಪಡೆದು ಸೇವಾ ಪುಸ್ತಕದೊಂದಿಗೆ ಇಡುವುದು ಒಳ್ಳೆಯ ಅಭ್ಯಾಸ. ಶಿಸ್ತು ಕ್ರಮದ ವಿಷಯದಲ್ಲಿ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ ಪ್ರಕಾರ ಎರವಲು ಪಡೆದ ಪ್ರಾಧಿಕಾರವು ಅಮಾನತು ಮಾಡಬಹುದು, ವಿಚಾರಣೆ ನಡೆಸಬಹುದು. ಆದರೆ ದೊಡ್ಡ ದಂಡನೆ ವಿಧಿಸಬೇಕಾದರೆ ನೌಕರನನ್ನೂ ಕಡತವನ್ನೂ ಮಾತೃ ಇಲಾಖೆಗೆ ಹಿಂದಿರುಗಿಸಬೇಕು.

ಓಓಡಿ (ಅನ್ಯ ಕರ್ತವ್ಯ) ಎಂದು ಕರೆಯುವ ವ್ಯವಸ್ಥೆಯನ್ನು ನಿಯೋಜನೆಯೆಂದು ತಿಳಿಯಬಾರದು. ಅಲ್ಲಿ ನಿಮ್ಮ ವೇತನ ಹಳೆಯ ಹುದ್ದೆಯಲ್ಲೇ ಸೆಳೆಯಲ್ಪಡುತ್ತದೆ, ಕೆಲಸ ಮಾತ್ರ ಬೇರೆ ಕಚೇರಿಯಲ್ಲಿ. ಮೂಲ ಕಚೇರಿ ನೌಕರನಿಲ್ಲದೆ ಸೊರಗುತ್ತದೆ, ಒಂದು ಸುತ್ತೋಲೆ ಬಂದರೆ ಎಲ್ಲ ಓಓಡಿಗಳೂ ಒಟ್ಟಿಗೆ ರದ್ದಾಗುತ್ತವೆ. ಅದನ್ನು ನಂಬಿ ಮನೆ, ಶಾಲೆ ಬದಲಾಯಿಸುವುದು ವಿವೇಕವಲ್ಲ.

ನಿಯೋಜನೆಯ ಮೇಲೆ ಹೋದವರನ್ನು ಆಮೇಲೆ ಸರ್ಕಾರವೇ ವಿಲೀನಗೊಳಿಸಿದರೆ ಜ್ಯೇಷ್ಠತೆ ಏನಾಗುತ್ತದೆ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಸಬ್ ಇನ್‌ಸ್ಪೆಕ್ಟರ್ ರೂಪ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ, ಸಮಾನ ಹುದ್ದೆಯಿಂದ ಬಂದು ವಿಲೀನಗೊಂಡವರ ಹಿಂದಿನ ಸೇವೆಯನ್ನು ಜ್ಯೇಷ್ಠತೆಗೂ ಪರಿಗಣಿಸಬೇಕೆಂದು ಹೇಳಿತು. ವಿಲೀನವು ಸ್ವಂತ ಕೋರಿಕೆಯ ಮೇಲೆ ಆಗಿದ್ದರೆ ಮತ್ತೆ 6ನೇ ನಿಯಮದ ಪರಂತುಕ ಎದುರಾಗುತ್ತದೆ. ವಿಲೀನದ ಪ್ರಸ್ತಾವನೆಯಲ್ಲಿ ನಿಮ್ಮ ಸಮ್ಮತಿ ಪತ್ರದ ಒಕ್ಕಣೆ ಹೇಗಿರಬೇಕೆಂದು ಅನುಭವಿಗಳೊಬ್ಬರನ್ನು ಕೇಳಿ ಬರೆಯಿರಿ.

ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದವರಿಗೆ

ಸಂವಿಧಾನದ 371ಜೆ ವಿಧಿಯಡಿ 2013ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಈಗಿನ ವಿಜಯನಗರ ಜಿಲ್ಲೆಗಳ ಹುದ್ದೆಗಳಿಗೆ ಸ್ಥಳೀಯ ವೃಂದಗಳಿವೆ. ಗ್ರೂಪ್ ಬಿಯಲ್ಲಿ ಶೇಕಡ 75, ಗ್ರೂಪ್ ಸಿಯಲ್ಲಿ ಶೇಕಡ 80, ಗ್ರೂಪ್ ಡಿಯಲ್ಲಿ ಶೇಕಡ 85ರಷ್ಟು ಹುದ್ದೆಗಳು ಅಲ್ಲಿನ ಸ್ಥಳೀಯರಿಗೆ ಮೀಸಲು. ಈ ವೃಂದದಲ್ಲಿ ನೇಮಕಗೊಂಡವರು ಬೆಂಗಳೂರಿನ ಹುದ್ದೆಗೆ ಬರುವ ಕೋರಿಕೆಯನ್ನು ಇತರರ ಕೋರಿಕೆಯಂತೆ ನೋಡಲಾಗದು. ಸಾಮಾನ್ಯ ನೇಮಕಾತಿ ನಿಯಮಗಳ ಜೊತೆಗೆ ಆ ಆದೇಶದ ಷರತ್ತುಗಳನ್ನೂ ಕೋರಿಕೆ ದಾಟಬೇಕು. ಆ ಭಾಗದ ಕಚೇರಿಗಳಲ್ಲಿ ಹುದ್ದೆಗಳು ಖಾಲಿ ಬೀಳಬಾರದೆಂಬುದು ಆ ವ್ಯವಸ್ಥೆಯ ಉದ್ದೇಶಗಳಲ್ಲೊಂದು, ಅದನ್ನು ಗೌರವಿಸಲೇಬೇಕು.

ಕೋರಿಕೆ ಸಲ್ಲಿಸುವ ಕ್ರಮ

ಪರೀಕ್ಷಾರ್ಥ ಅವಧಿ ಮುಗಿದು, ಅದು ತೃಪ್ತಿಕರವೆಂಬ ಘೋಷಣಾ ಆದೇಶ ಕೈಸೇರಿದ ನಂತರವೇ ಮನವಿ ಸಲ್ಲಿಸುವುದು ಕ್ಷೇಮ. 1977ರ ಪರೀಕ್ಷಾರ್ಥ ಅವಧಿಯ ನಿಯಮಗಳಂತೆ ಈ ಅವಧಿ ಕನಿಷ್ಠ 2 ವರ್ಷ. ಇಲಾಖಾ ಪರೀಕ್ಷೆ, ಕನ್ನಡ ಭಾಷಾ ಪರೀಕ್ಷೆ, 2012ರ ನಿಯಮಗಳ ಪ್ರಕಾರದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಬಾಕಿಯಿದ್ದರೆ ಮೊದಲು ಮುಗಿಸಿಕೊಳ್ಳಿ. ಬಾಕಿ ಉಳಿದ ಪರೀಕ್ಷೆಯೊಂದಿಗೆ ಹೊಸ ಇಲಾಖೆಗೆ ಹೋದರೆ, ಅಲ್ಲಿನ ಪರೀಕ್ಷೆಗಳೂ ಸೇರಿ ಹೊರೆ ಎರಡಾಗುತ್ತದೆ.

ಮನವಿಯನ್ನು ನೇಮಕಾತಿ ಪ್ರಾಧಿಕಾರಕ್ಕೆ, ಕಚೇರಿ ಮುಖ್ಯಸ್ಥರ ಮುಖಾಂತರ, ಯುಕ್ತ ಮಾರ್ಗದಲ್ಲೇ ಸಲ್ಲಿಸಬೇಕು. ಅದರಲ್ಲಿ ನಿಮ್ಮ ನೇಮಕಾತಿಯ ಆದೇಶ ಸಂಖ್ಯೆ ಮತ್ತು ದಿನಾಂಕ, ವೃಂದ, ಗ್ರೂಪ್, ವೇತನ ಶ್ರೇಣಿ, ಜ್ಯೇಷ್ಠತಾ ಪಟ್ಟಿಯ ಕ್ರಮಸಂಖ್ಯೆ, ವಿದ್ಯಾರ್ಹತೆ, ನೇಮಕಾತಿಯ ಪ್ರವರ್ಗ, ಕೇಳುತ್ತಿರುವ ಇಲಾಖೆ ಮತ್ತು ಹುದ್ದೆ ಇವೆಲ್ಲ ಇರಬೇಕು. ಕೋರಿಕೆಗೆ ಆಧಾರವಾಗಿ ‘ಸಾಮಾನ್ಯ ನೇಮಕಾತಿ ನಿಯಮಗಳು, 1977ರ ನಿಯಮ 16’ ಎಂದು ಸ್ಪಷ್ಟವಾಗಿ ಬರೆಯಿರಿ. ಕಾರಣವನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿ, ಅದಕ್ಕೆ ದಾಖಲೆ ಲಗತ್ತಿಸಿ: ಸಂಗಾತಿಯ ಸೇವಾ ಪ್ರಮಾಣಪತ್ರ, ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಅಂಗವೈಕಲ್ಯದ ಗುರುತಿನ ಚೀಟಿ, ಯಾವುದು ಅನ್ವಯಿಸುತ್ತದೋ ಅದು. ಕಷ್ಟವನ್ನು ಪುಟಗಟ್ಟಲೆ ವಿವರಿಸಿದ ಮನವಿಗಿಂತ ಖಾಲಿ ಹುದ್ದೆಯ ವಿವರವನ್ನು ಸರಿಯಾಗಿ ಕೊಟ್ಟ ಮನವಿ ಬೇಗ ಮುಂದೆ ಸಾಗುತ್ತದೆ.

ಮಾತೃ ಇಲಾಖೆಯು ಇಲಾಖಾ ವಿಚಾರಣೆ, ಕ್ರಿಮಿನಲ್ ಪ್ರಕರಣ, ಸರ್ಕಾರಿ ಬಾಕಿ ಇಲ್ಲವೆಂದು ದೃಢೀಕರಿಸಿ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಪಡೆಯುವ ಇಲಾಖೆಯು ಖಾಲಿ ಹುದ್ದೆಯಿದೆ, ಸೇರಿಸಿಕೊಳ್ಳಲು ಒಪ್ಪಿಗೆಯಿದೆ ಎಂದು ತಿಳಿಸುತ್ತದೆ. ಜ್ಯೇಷ್ಠತೆಯನ್ನು ಬಿಟ್ಟುಕೊಡುವ ಮುಚ್ಚಳಿಕೆಯನ್ನು ಈ ಹಂತದಲ್ಲೇ ಕೇಳುತ್ತಾರೆ. ಅದರ ಒಂದು ಪ್ರತಿಯನ್ನು ನೀವು ಇಟ್ಟುಕೊಳ್ಳಿ, ಅದರಲ್ಲಿ ಜ್ಯೇಷ್ಠತೆಯ ಹೊರತು ಬೇರೆ ಯಾವ ಸೌಲಭ್ಯವನ್ನೂ ಬಿಟ್ಟುಕೊಡುವ ಮಾತು ಸೇರದಂತೆ ನೋಡಿಕೊಳ್ಳಿ. ಪ್ರಸ್ತಾವನೆ ಬಳಿಕ ಸಚಿವಾಲಯಕ್ಕೆ ಹೋಗಿ, ಅಗತ್ಯವಿದ್ದಲ್ಲಿ ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆಯ ಅಭಿಪ್ರಾಯ, ವೇತನದ ಪ್ರಶ್ನೆಯಿದ್ದರೆ ಆರ್ಥಿಕ ಇಲಾಖೆಯ ಅಭಿಪ್ರಾಯ ಪಡೆದು ಆದೇಶವಾಗುತ್ತದೆ. ಕಡತ ಯಾವ ಮೇಜಿನಲ್ಲಿದೆ ಎಂದು ಕೇಳಿ ತಿಳಿಯುವುದಕ್ಕೆ ಅಡ್ಡಿಯಿಲ್ಲ, ಹೊರಗಿನ ಪ್ರಭಾವ ತರುವುದಕ್ಕೆ ಮಾತ್ರ ನಡತೆ ನಿಯಮಗಳ ಅಡ್ಡಿಯಿದೆ. ಶಿಫಾರಸು ಪತ್ರ ಲಗತ್ತಿಸಿದ ಕಾರಣಕ್ಕೆ ನೋಟಿಸ್ ಪಡೆಯುವ ಅಪಾಯವನ್ನು ಯಾರೂ ಆಹ್ವಾನಿಸಿಕೊಳ್ಳಬಾರದು.

ಸೇವೆಯಲ್ಲಿರುವಾಗಲೇ ಅಂಗವೈಕಲ್ಯಕ್ಕೆ ಒಳಗಾದವರ ಸ್ಥಿತಿ ಬೇರೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 20(4)ನೇ ಪ್ರಕರಣದಂತೆ ಅವರನ್ನು ಸೇವೆಯಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಈಗಿನ ಹುದ್ದೆಯ ಕೆಲಸ ಮಾಡಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು, ಹುದ್ದೆ ಇಲ್ಲದಿದ್ದರೆ ಸಂಖ್ಯಾಧಿಕ ಹುದ್ದೆ (ಮಂಜೂರಾದ ಸಂಖ್ಯೆಗಿಂತ ಹೆಚ್ಚಿನ ಹುದ್ದೆ) ಸೃಷ್ಟಿಸಿ ಉಳಿಸಿಕೊಳ್ಳಬೇಕು. ಇದು ಸರ್ಕಾರದ ಕರ್ತವ್ಯ. ಇಂಥವರು ಅಧಿನಿಯಮದ ಪ್ರಕರಣವನ್ನು ಉಲ್ಲೇಖಿಸಿಯೇ ಮನವಿ ಸಲ್ಲಿಸಬೇಕು, ‘ಸ್ವಂತ ಕೋರಿಕೆಯ ಮೇರೆಗೆ’ ಎಂದು ಬರೆಯಲೇಬಾರದು.

ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಹೋಗುವವರು

ಲೋಕಸೇವಾ ಆಯೋಗದ ಪರೀಕ್ಷೆ ಬರೆದು ಬೇರೆ ಇಲಾಖೆಗೆ ಆಯ್ಕೆಯಾಗುವುದು ಇನ್ನೊಂದು ದಾರಿ, ವಯೋಮಿತಿಯೊಳಗೆ ಇರುವವರಿಗೆ ಇದೇ ಉತ್ತಮ ದಾರಿ. ಅರ್ಜಿ ಹಾಕುವಾಗಲೇ ನಿರಾಕ್ಷೇಪಣಾ ಪತ್ರ ಪಡೆದಿರಬೇಕು. ಆಯ್ಕೆಯಾದ ಮೇಲೆ, ಅನುಮತಿ ಪಡೆದು ಇನ್ನೊಂದು ಸರ್ಕಾರಿ ಹುದ್ದೆಗೆ ಸೇರುವ ಸಲುವಾಗಿ ರಾಜೀನಾಮೆ ನೀಡುತ್ತಿರುವುದಾಗಿ ಪತ್ರದಲ್ಲಿ ಬರೆದು, ಅದೇ ಒಕ್ಕಣೆಯಲ್ಲಿ ಬಿಡುಗಡೆ ಆದೇಶ ಪಡೆಯಬೇಕು. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 252(ಬಿ) ನಿಯಮದಂತೆ ಇಂಥ ರಾಜೀನಾಮೆಯನ್ನು ಸರ್ಕಾರಿ ಸೇವೆಗೆ ಕೊಟ್ಟ ರಾಜೀನಾಮೆಯೆಂದು ಎಣಿಸುವುದಿಲ್ಲ, ಹಿಂದಿನ ಸೇವೆ ಉಳಿಯುತ್ತದೆ. ಕಾರಣ ಬರೆಯದೆ ರಾಜೀನಾಮೆ ಕೊಟ್ಟು ಹೊರಟುಹೋದರೆ ಹಿಂದಿನ ಸೇವೆ ಮುಟ್ಟುಗೋಲಾಗುತ್ತದೆ. 2006ರ ಏಪ್ರಿಲ್ 1ಕ್ಕೆ ಮೊದಲು ಸೇವೆಗೆ ಸೇರಿದವರಿಗಂತೂ ಈ ಒಂದು ವಾಕ್ಯದ ಮೇಲೆ ಹಳೆಯ ಪಿಂಚಣಿಯೇ ನಿಂತಿದೆ, ಏಕೆಂದರೆ ಆ ದಿನಾಂಕದಿಂದ ಸೇರಿದವರಿಗೆ ರಾಜ್ಯದಲ್ಲಿ ಹೊಸ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್ ಅನ್ವಯಿಸುತ್ತದೆ. ಸೇರಿದ ಕೂಡಲೇ ಹಿಂದಿನ ಸೇವೆಯ ಪರಿಗಣನೆಗೂ ವೇತನ ಸಂರಕ್ಷಣೆಗೂ ಹೊಸ ಇಲಾಖೆಯಲ್ಲಿ ಮನವಿ ಕೊಡಿ.

ಆದೇಶ ಬಂದ ಮೇಲೆ

ಬಿಡುಗಡೆಯ ದಿನ ಪ್ರಭಾರ ವಹಿಸಿಕೊಟ್ಟ ವರದಿ, ಅಂತಿಮ ವೇತನ ಪ್ರಮಾಣಪತ್ರ, ಬೇಬಾಕಿ ಪ್ರಮಾಣಪತ್ರ ಪಡೆಯಿರಿ. ಮುಂಗಡಗಳ ಬಾಕಿ ಕಂತು, ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಪಾಲಿಸಿ ಸಂಖ್ಯೆಗಳು, ಗಳಿಕೆ ರಜೆಯ ಶಿಲ್ಕು ಇವು ಅಂತಿಮ ವೇತನ ಪ್ರಮಾಣಪತ್ರ ಮತ್ತು ಸೇವಾ ಪುಸ್ತಕ ಎರಡರಲ್ಲೂ ಒಂದೇ ರೀತಿ ಇವೆಯೇ ಎಂದು ನೀವೇ ಕುಳಿತು ತಾಳೆ ನೋಡಿ. ಎಚ್‌ಆರ್‌ಎಂಎಸ್‌ನಲ್ಲಿ (ನೌಕರರ ವೇತನ ಮತ್ತು ಸೇವಾ ವಿವರಗಳ ಗಣಕ ವ್ಯವಸ್ಥೆಯಲ್ಲಿ) ನಿಮ್ಮ ವಿವರ ಹಳೆಯ ಡಿಡಿಓ (ವೇತನ ಸೆಳೆಯುವ ಅಧಿಕಾರಿ) ಕೋಡ್‌ನಿಂದ ಬಿಡುಗಡೆಯಾಗಿ ಹೊಸ ಡಿಡಿಓ ಕೋಡ್‌ಗೆ ಸೇರದಿದ್ದರೆ ವೇತನ ಬಿಲ್ಲು ತಯಾರಾಗುವುದಿಲ್ಲ. ಎನ್‌ಪಿಎಸ್‌ನ ಪ್ರಾನ್ ಸಂಖ್ಯೆ (ಖಾತೆಯ ಶಾಶ್ವತ ಸಂಖ್ಯೆ) ಬದಲಾಗುವುದಿಲ್ಲ, ಹೊಸದಕ್ಕೆ ಅರ್ಜಿ ಹಾಕಬಾರದು. ಸ್ವಂತ ಕೋರಿಕೆಯ ವರ್ಗಾವಣೆಗೆ ಪ್ರಯಾಣ ಭತ್ಯೆ ದೊರೆಯುವುದಿಲ್ಲ, ಆದ್ದರಿಂದ ಸಾಗಣೆಯ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಹೊಸ ಇಲಾಖೆಯ ಮೊದಲ ಕರಡು ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ, ಸರಿಯಾದ ದಿನಾಂಕದೊಂದಿಗೆ ಇದೆಯೇ ಎಂದು ನೋಡಿ. ಕೊನೆಯ ಸ್ಥಾನ ನಿಮ್ಮದೆಂಬುದು ನೀವು ಸೇರಿದ ದಿನದ ಮಾತು. ಆಮೇಲೆ ಬಂದವರು ನಿಮಗಿಂತ ಕೆಳಗಿರಬೇಕು. ಹೊಸ ನೇಮಕಾತಿಯ ತಂಡವನ್ನು ತಪ್ಪಾಗಿ ನಿಮ್ಮ ಮೇಲಿಟ್ಟ ಪಟ್ಟಿಗಳು ಇಲ್ಲವೆಂದಲ್ಲ, ಗಡುವಿನೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಅದೇ ಅಂತಿಮವಾಗುತ್ತದೆ.

ಕೋರಿಕೆಯನ್ನು ಹಿಂದೆಗೆದುಕೊಳ್ಳಬೇಕೆನಿಸಿದರೆ ಆದೇಶ ಜಾರಿಯಾಗುವ ಮುನ್ನವೇ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಹೊಸ ವೃಂದದಲ್ಲಿ ವರದಿ ಮಾಡಿಕೊಂಡ ಮೇಲೆ ಹಳೆಯ ಸ್ಥಾನವನ್ನು ಮರಳಿ ಕೇಳುವುದು ಹೊಸದೊಂದು ಕೋರಿಕೆಯಾಗುತ್ತದೆ, ಆಗ ಹಳೆಯ ಇಲಾಖೆಯಲ್ಲೂ ನೀವು ಎಲ್ಲರಿಗಿಂತ ಕಿರಿಯರು.

ನಿಯಮಬಾಹಿರವಾದ ಆದೇಶ ಬಂದಾಗ ಅಥವಾ ಜ್ಯೇಷ್ಠತೆಯನ್ನು ತಪ್ಪಾಗಿ ನಿಗದಿಪಡಿಸಿದಾಗ ಮೊದಲು ಇಲಾಖೆಯಲ್ಲೇ ಮನವಿ ಅಥವಾ ಮೇಲ್ಮನವಿ ಸಲ್ಲಿಸಬೇಕು. 1985ರ ಆಡಳಿತಾತ್ಮಕ ನ್ಯಾಯಮಂಡಳಿಗಳ ಅಧಿನಿಯಮದಂತೆ, ಅಂತಿಮ ಆದೇಶ ಬಂದ ದಿನದಿಂದ 1 ವರ್ಷದೊಳಗೆ, ಮನವಿಗೆ ಉತ್ತರವೇ ಬರದಿದ್ದರೆ 6 ತಿಂಗಳು ಕಾದು ಅಲ್ಲಿಂದ 1 ವರ್ಷದೊಳಗೆ, ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅದರ ಪ್ರಧಾನ ಪೀಠ ಬೆಂಗಳೂರಿನ ಕಂದಾಯ ಭವನದಲ್ಲಿದೆ, ಬೆಳಗಾವಿ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ಒಂದರ ಮೇಲೊಂದು ಮನವಿ ಕೊಡುತ್ತಾ ಹೋದರೆ ಕಾಲಮಿತಿ ಮುಂದೆ ಸರಿಯುವುದಿಲ್ಲ, ಆದ್ದರಿಂದ ಮೊದಲ ಮನವಿಯ ಸ್ವೀಕೃತಿಯ ದಿನಾಂಕದಿಂದಲೇ ಎಣಿಕೆ ಇಟ್ಟುಕೊಳ್ಳಿ. ನ್ಯಾಯಮಂಡಳಿಯ ತೀರ್ಪಿನ ವಿರುದ್ಧ ಹೈಕೋರ್ಟ್‌ನ ವಿಭಾಗೀಯ ಪೀಠಕ್ಕೆ ಹೋಗಬಹುದು. ಪ್ರಕರಣ ಜ್ಯೇಷ್ಠತೆಯದಾಗಿದ್ದರೆ ಅದರಿಂದ ಬಾಧಿತರಾಗುವ ಸಹೋದ್ಯೋಗಿಗಳನ್ನೂ ಪ್ರತಿವಾದಿಗಳನ್ನಾಗಿ ಸೇರಿಸಬೇಕಾಗುತ್ತದೆ, ಅವರನ್ನು ಬಿಟ್ಟು ಸರ್ಕಾರವನ್ನು ಮಾತ್ರ ಸೇರಿಸಿದ ಅರ್ಜಿ ಆ ಒಂದೇ ಕಾರಣಕ್ಕೆ ಬಿದ್ದುಹೋಗಬಹುದು.